ಚಾರ್ಲ್ಸ್‌ಟನ್ನಿನಲ್ಲಿ ಎಲ್ಲಿ ಉಣ್ಣಬೇಕು? – ಒಂದು ತಕರಾರು



ಈ ಸಲ ಶಾಲೆಯ ನೆನಪುಗಳನ್ನು ಬದಿಗಿರಿಸಿ ಒಂದು ಜಗಳವನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಜಗಳ ಊಟದ ವಿಷಯಕ್ಕೆ ಹುಟ್ಟಿದ್ದು. ಆದರೆ ಶಾಲೆಯ ನೆನಪೂ ನಡುವೆ ನುಸುಳುತ್ತದೆಂದು ಈಗಲೇ ಎಚ್ಚರಿಸಿಬಿಡುತ್ತೇನೆ.

ಅಟ್ಲಾಂಟಾದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೋದ ತಿಂಗಳು ಮಿಂಚಂಚೆ ಬರೆದಿದ್ದಳು. "ಸರ್, ನಾವೆಲ್ಲ ಎರಡು ದಿನಕ್ಕೆ ಚಾರ್ಲ್ಸ್‌ಟನ್ನಿಗೆ ಹೋಗುತ್ತಿದ್ದೇವೆ. ನೀವು ಮಗಳ ಮನೆಗೆ ಬಂದಿದ್ದಾಗ ಆ ಊರನ್ನು ನೋಡಿದ್ದೀರಲ್ಲ, ಅಲ್ಲಿ ಊಟ ಎಲ್ಲಿ ಚೆನ್ನಾಗಿದೆ?" ನಾನು ಮೂರು ಪುಟಗಳ ಉತ್ತರ ಬರೆದೆ. ಮರುದಿನವೇ ಅವಳ ಮಾರೋಲೆ: "ಸರ್, ಊಟಕ್ಕೆ ಹೋದಲ್ಲಿಯೂ ಇತಿಹಾಸದ ಪೀರಿಯಡ್ಡೇ? ನಮಗೆ ಎರಡು ಹೋಟೆಲುಗಳ ಹೆಸರು ಸಾಕಾಗಿತ್ತು." ಈ ಪ್ರಸಂಗವನ್ನು ಬೆಂಗಳೂರಿನ ನನ್ನ ಅಕ್ಕನ ಮಗನಿಗೆ ಫೋನಿನಲ್ಲಿ ಹೇಳಿದರೆ ಅವನು ಅವಳ ಪಕ್ಷವನ್ನೇ ವಹಿಸಿದ. "ಮಾವ, ಎಲೆಯ ಮುಂದೆ ಕೂತವನಿಗೆ ಗದ್ದೆಯ ಕಥೆ ಯಾಕೆ? ಉಣ್ಣಬೇಕು, ಕೈ ತೊಳೆಯಬೇಕು, ಏಳಬೇಕು."

ಇಬ್ಬರಿಗೂ ಸೇರಿಸಿ ಇಲ್ಲಿ ಉತ್ತರ ಕೊಡುತ್ತಿದ್ದೇನೆ.

ಮೊದಲು ಊರಿನ ಪರಿಚಯ. ಅಮೆರಿಕದ ಆಗ್ನೇಯ ಕರಾವಳಿಯಲ್ಲಿ, ದಕ್ಷಿಣ ಕೆರೋಲಿನಾ ರಾಜ್ಯದಲ್ಲಿ, ಆಶ್ಲಿ ಮತ್ತು ಕೂಪರ್ ಎಂಬೆರಡು ನದಿಗಳು ಕಡಲು ಸೇರುವಲ್ಲಿ ಈ ನಗರವಿದೆ. 1670ರಲ್ಲಿ ಆಂಗ್ಲರು ಸ್ಥಾಪಿಸಿದ್ದು. ನದಿಮುಖ, ಅಳಿವೆ, ಜೌಗು, ಏಡಿ, ಸಿಗಡಿ, ಭತ್ತ. ಕುಮಟೆಯ ಕಡೆ ಹುಟ್ಟಿ ಅಘನಾಶಿನಿಯ ನೀರಿನಲ್ಲಿ ಈಜು ಕಲಿತ ನನಗೆ ಅಲ್ಲಿನ ಗಾಳಿಯ ವಾಸನೆಯೇ ಪರಿಚಿತವೆನಿಸಿತು. 2024ರ ಏಪ್ರಿಲಿನಲ್ಲಿ ಷಾರ್ಲಟ್ಟಿನಿಂದ ಮಗಳು ಮತ್ತು ಅಳಿಯ ಕಾರಿನಲ್ಲಿ ಕರೆದೊಯ್ದಿದ್ದರು. ದಾರಿಯುದ್ದಕ್ಕೂ ಅಳಿಯಂದಿರು ಫೋನಿನಲ್ಲಿ "ಚಾರ್ಲ್ಸ್‌ಟನ್ನಿನಲ್ಲಿ ಉಣ್ಣಲೇಬೇಕಾದ ಹತ್ತು ಜಾಗಗಳು" ಎಂಬ ಪಟ್ಟಿಗಳನ್ನು ಓದುತ್ತಲೇ ಇದ್ದರು. ನನ್ನ ತಕರಾರು ಇರುವುದು ಈ ಪಟ್ಟಿಗಳ ಮೇಲೆಯೇ.

ಮೊದಲ ರಾತ್ರಿ ಪಟ್ಟಿಯ ಮೇಲ್ತುದಿಯಲ್ಲಿದ್ದ ಒಂದು ಹೋಟೆಲಿಗೆ ಹೋದೆವು. ಹೆಸರು ಬೇಡ. ಮುಕ್ಕಾಲು ಗಂಟೆ ಕಾದ ಮೇಲೆ ಮೇಜು ಸಿಕ್ಕಿತು. ಅಲ್ಲಿನ ಪ್ರಸಿದ್ಧ ತಿನಿಸು 'ಶ್ರಿಂಪ್ ಅಂಡ್ ಗ್ರಿಟ್ಸ್', ಎಂದರೆ ಮೆಕ್ಕೆಜೋಳದ ರವೆಯ ಗಂಜಿಯ ಮೇಲೆ ಬೇಯಿಸಿದ ಸಿಗಡಿ. ಬೆಳಗಿನ ಜಾವ ಬಲೆ ಎಳೆದು ಬಂದವರ ಮನೆಗಳಲ್ಲಿ ಇದು ಮುಂಜಾನೆಯ ತಿಂಡಿಯಾಗಿತ್ತು. ರುಚಿಯ ಬಗ್ಗೆ ನಾನು ಸುಳ್ಳು ಹೇಳಲಾರೆ, ಚೆನ್ನಾಗಿಯೇ ಇತ್ತು. ಬೆಲೆಯನ್ನು ರೂಪಾಯಿಗೆ ಪರಿವರ್ತಿಸಿ ನೋಡಿದೆ. ನನ್ನ ನೌಕರಿಯ ಮೊದಲ ಮೂರು ತಿಂಗಳ ಸಂಬಳ. (ಪರಿವರ್ತಿಸಬಾರದೆಂದು ಮಗಳು ಮೊದಲೇ ತಾಕೀತು ಮಾಡಿದ್ದಳು.) ನನ್ನನ್ನು ಕಾಡಿದ್ದು ಬೆಲೆಗಿಂತ ಹೆಚ್ಚಾಗಿ ತಿಂಡಿಗಳ ಪಟ್ಟಿಯಿದ್ದ ಆ ಹಾಳೆ. ಅದರಲ್ಲಿ ಜೋಳ ಬೀಸಿದ ಗಿರಣಿಯ ಹೆಸರಿತ್ತು, ಸಿಗಡಿ ಹಿಡಿದ ದೋಣಿಯ ಹೆಸರಿತ್ತು, ಹಂದಿಯ ತಳಿಯ ಹೆಸರೂ ಇತ್ತು. ಅಕ್ಕಿಗೆ 'ಕೆರೋಲಿನಾ ಗೋಲ್ಡ್, ಪಾರಂಪರಿಕ ತಳಿ' ಎಂಬ ಬಿರುದಿತ್ತು. ಯಾರ ಪರಂಪರೆ ಎಂಬ ಪ್ರಶ್ನೆಗೆ ಆ ಹಾಳೆಯಲ್ಲಿ ಉತ್ತರವಿರಲಿಲ್ಲ.

ಉತ್ತರ ನನಗೆ ಮರುದಿನ ಬೆಳಿಗ್ಗೆ ದೊರಕತೊಡಗಿತು, ಅದೂ ಒಂದು ಹಾಸ್ಯಪ್ರಸಂಗದಿಂದ. ಊರ ನಡುವೆ ಸಿಟಿ ಮಾರ್ಕೆಟ್ ಎಂಬ ಹಳೆಯ ಸಂತೆಕಟ್ಟೆಯಿದೆ. (ಇದನ್ನು ಗುಲಾಮರ ಸಂತೆಯೆಂದು ಹಲವರು ತಪ್ಪು ತಿಳಿಯುತ್ತಾರೆ. ಮನುಷ್ಯರನ್ನು ಹರಾಜು ಹಾಕುತ್ತಿದ್ದ ಕಟ್ಟಡ ಚಾಮರ್ಸ್ ಬೀದಿಯಲ್ಲಿದೆ, ಈಗ ವಸ್ತುಸಂಗ್ರಹಾಲಯ.) ಅಲ್ಲಿ ಬಿಸ್ಕತ್ತಿನ ಪೊಟ್ಟಣವೊಂದರ ಮೇಲಿನ ಆಂಗ್ಲ ಅಕ್ಷರಗಳನ್ನು ನಾನು ನಮ್ಮ ರೀತಿಯಲ್ಲಿ 'ಬೆಣ್ಣೆ' ಎಂದೇ ಓದಿಕೊಂಡೆ. ದಾವಣಗೆರೆ ಇಲ್ಲಿಗೂ ಬಂತೇ ಎಂದು ಹಿಗ್ಗಿ ಬಾಯಿಗಿಟ್ಟುಕೊಂಡರೆ ಎಳ್ಳು! ಅದು ಬೆನ್ನಿ. ಎಳ್ಳಿಗೆ ಪಶ್ಚಿಮ ಆಫ್ರಿಕದ ಭಾಷೆಗಳಲ್ಲಿರುವ ಹೆಸರು. ಸರಪಳಿಯಲ್ಲಿ ಬಂದವರ ನಾಲಿಗೆಯ ಮೇಲೆ ಆ ಶಬ್ದವೂ ಬಂತು. ಬೆಂಡೆಕಾಯಿ ಬಂತು, ಅದನ್ನು ಅಲ್ಲಿ ಟೊಮೆಟೊ ಹಾಕಿ ಲೋಳೆಲೋಳೆಯಾಗಿ ಸಾರು ಮಾಡುತ್ತಾರೆ. ಅಲಸಂದೆ ಬಂತು, ಅದನ್ನು ಅಕ್ಕಿಯೊಂದಿಗೆ ಬೇಯಿಸಿ 'ಹಾಪಿನ್ ಜಾನ್' ಎಂದು ಕರೆದು ಹೊಸ ವರ್ಷದ ದಿನ ಉಣ್ಣುತ್ತಾರೆ. ನಮ್ಮ ಅಡುಗೆಮನೆಯ ಅರ್ಧ ಸಾಮಾನು ಅಲ್ಲಿತ್ತು.

ಇನ್ನು ಅಕ್ಕಿ. ಇಲ್ಲಿ ನಾನು ತುಸು ನಿಲ್ಲಲೇಬೇಕು. ಅವಸರವಿದ್ದವರು ಮುಂದಿನ ಎರಡು ಪರಿಚ್ಛೇದಗಳನ್ನು ದಾಟಬಹುದು, ಹಾಜರಿ ಕಡಿತವಾಗದು.

ಮಡಗಾಸ್ಕರದಿಂದ ಬಂದ ಹಡಗಿನ ಕಪ್ತಾನನೊಬ್ಬ 1685ರ ಸುಮಾರಿಗೆ ಒಂದಷ್ಟು ಬಿತ್ತನೆ ಭತ್ತವನ್ನು ಊರಿನ ಪ್ರಮುಖನೊಬ್ಬನ ಕೈಗಿತ್ತನೆಂದೂ, ಅಲ್ಲಿಂದ ಕೆರೋಲಿನಾದ ಅಕ್ಕಿಯ ಸಂಪತ್ತು ಆರಂಭವಾಯಿತೆಂದೂ ಹಳೆಯ ಕಥೆ ಹೇಳುತ್ತದೆ. ಚೀಲ ಕೊಟ್ಟವನ ಹೆಸರು ಉಳಿಯಿತು. ಆದರೆ ಬೀಜ ಕೈಗೆ ಬಂದ ಮಾತ್ರಕ್ಕೆ ಬೇಸಾಯ ಬರುವುದಿಲ್ಲವೆಂಬುದು ಗದ್ದೆಯ ಕೆಸರು ಕಂಡ ಯಾರಿಗಾದರೂ ಗೊತ್ತು. ಇಂಗ್ಲೆಂಡಿನ ಗೋಧಿಯ ನಾಡಿನಿಂದ ಬಂದ ಜಮೀನುದಾರರಿಗೆ ಅಳಿವೆಯ ಭತ್ತದ ಮರ್ಮ ತಿಳಿಯುವುದಾದರೂ ಹೇಗೆ? ಸೆನೆಗಲ್‌ನಿಂದ ಸಿಯೆರಾ ಲಿಯೋನ್‌ವರೆಗಿನ ಕರಾವಳಿಯಲ್ಲಿ ತಲೆತಲಾಂತರದಿಂದ ಭತ್ತ ಬೆಳೆದ ಜನ ಇದ್ದರು, ಅವರನ್ನು ಹಿಡಿದು ತಂದು ಈ ಜೌಗಿನಲ್ಲಿ ನಿಲ್ಲಿಸಲಾಯಿತು. 1708ರ ಹೊತ್ತಿಗೇ ಆ ವಸಾಹತಿನಲ್ಲಿ ಬಿಳಿಯರಿಗಿಂತ ಕಪ್ಪು ಜನರ ಸಂಖ್ಯೆ ಹೆಚ್ಚಾಗಿತ್ತು. ಜೂಡಿತ್ ಕಾರ್ನಿ ಎಂಬ ಭೂಗೋಳ ವಿದ್ವಾಂಸರು 2001ರಲ್ಲಿ 'ಬ್ಲ್ಯಾಕ್ ರೈಸ್' ಎಂಬ ಗ್ರಂಥದಲ್ಲಿ, ಅಲ್ಲಿಗೆ ಬಂದದ್ದು ಬರಿಯ ತೋಳ್ಬಲವಲ್ಲ, ಇಡೀ ಬೇಸಾಯದ ವಿದ್ಯೆಯೇ ಎಂದು ವಾದಿಸಿದರು. ಆ ವಿದ್ಯೆಯಲ್ಲಿ ಆಫ್ರಿಕದ ಪಾಲೆಷ್ಟು ಎಂಬ ಬಗ್ಗೆ ವಿದ್ವಾಂಸರಲ್ಲಿ ಜಗಳವಿದೆ. ಕಾಡು ಕಡಿದು, ಒಡ್ಡು ಕಟ್ಟಿ, ಮಲೇರಿಯದ ಕೆಸರಿನಲ್ಲಿ ನಿಂತವರು ಯಾರು ಎಂಬ ಬಗ್ಗೆ ಜಗಳವಿಲ್ಲ.

ಉಬ್ಬರದ ವೇಳೆ ಕಡಲು ನದಿಯ ಸಿಹಿನೀರನ್ನು ಹಿಂದಕ್ಕೊತ್ತುತ್ತದೆ. ಆಗ ನದಿಯ ಮಟ್ಟ ಏರುತ್ತದೆ. ಒಡ್ಡಿನ ಮರದ ಬಾಗಿಲನ್ನು ಸರಿಯಾದ ಘಳಿಗೆಗೆ ತೆರೆದರೆ ಗದ್ದೆಗೆ ಸಿಹಿನೀರು, ತಪ್ಪಿದರೆ ಉಪ್ಪುನೀರು, ಬೆಳೆ ನಾಶ. ಆ ಬಾಗಿಲನ್ನು ಅಲ್ಲಿ 'ಟ್ರಂಕ್' ಎನ್ನುತ್ತಾರೆ. ಮೊದಲಿಗೆ ಅದು ಟೊಳ್ಳು ಮಾಡಿದ ಮರದ ದಿಮ್ಮಿಯೇ ಆಗಿತ್ತಂತೆ. ಅದನ್ನು ಕೇಳಿದಾಗ ನನ್ನ ಮೈಯಲ್ಲಿ ಏನೋ ಆಯಿತು. ಮಾಣಿಕಟ್ಟೆಯ ಸುತ್ತಿನ ಗಜನಿ ಗದ್ದೆಗಳನ್ನು ನಿಮ್ಮಲ್ಲಿ ಎಷ್ಟೋ ಮಂದಿ ಬಲ್ಲಿರಿ. ಅಲ್ಲಿಯೂ ಒಡ್ಡು, ಅಲ್ಲಿಯೂ ಬಾಗಿಲು, ಅಲ್ಲಿಯೂ ಉಬ್ಬರ ಇಳಿತದ ಲೆಕ್ಕ. ವ್ಯತ್ಯಾಸವೆಂದರೆ ನಮ್ಮ ಕಗ್ಗ ಭತ್ತ ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುತ್ತದೆ, ಅವರದು ತಾಳದು. ಅವರ ಮೊರ, ಹುಲ್ಲು ಸುತ್ತಿ ಹೆಣೆದದ್ದು. ಭತ್ತ ಕುಟ್ಟಲು ಮರದ ಒರಳು, ಒನಕೆ. ಮಾರುಕಟ್ಟೆಯಲ್ಲಿ ಈಗಲೂ ಕಪ್ಪು ಹೆಂಗಸರು ಆ ಹುಲ್ಲಿನ ಬುಟ್ಟಿಗಳನ್ನು ಹೆಣೆಯುತ್ತ ಕುಳಿತಿರುತ್ತಾರೆ. ಆ ಸಮುದಾಯಕ್ಕೆ ಗಲ್ಲಾ-ಗೀಚಿ ಎಂದು ಹೆಸರು, ಅವರಿಗೆ ತಮ್ಮದೇ ಆದ ಭಾಷೆಯೂ ಇದೆ.

ಈಗ ನನ್ನ ವಾದಕ್ಕೆ ಬರುತ್ತೇನೆ. 'ಎಲ್ಲಿ ಉಣ್ಣಬೇಕು' ಎಂಬ ಪಟ್ಟಿ ನಮ್ಮ ಪಂಕ್ತಿಭೇದದ ಇನ್ನೊಂದು ರೂಪ. ಪದಾರ್ಥಕ್ಕೆ ಒಳಗೆ ಮಣೆ, ಅದನ್ನು ಕಲಿಸಿದ ಕೈಗೆ ಅಂಗಳ. ಇದು ಉತ್ಪ್ರೇಕ್ಷೆಯೆಂದು ನಿಮಗನ್ನಿಸಿದರೆ ಚಾರ್ಲ್ಸ್‌ಟನ್ನಿನ ಚರಿತ್ರೆಯಿಂದಲೇ ಸಾಕ್ಷಿ ಕೊಡುತ್ತೇನೆ.

ಹೆಣ್ಣೇಡಿಯ ಮೊಟ್ಟೆ ಬೆರೆಸಿದ 'ಶೀ-ಕ್ರ್ಯಾಬ್' ಸೂಪು ಆ ಊರಿನ ಹೆಮ್ಮೆ. ಅದು ಹುಟ್ಟಿದ್ದು ಮೇಯರ್ ರೆಟ್ ಎಂಬವರ ಮನೆಯಲ್ಲಿ, ರಾಷ್ಟ್ರಾಧ್ಯಕ್ಷ ಟಾಫ್ಟ್ ಅತಿಥಿಯಾಗಿ ಬಂದಾಗ ಎಂದು ಎಲ್ಲ ಕೈಪಿಡಿಗಳೂ ಕೊಂಡಾಡುತ್ತವೆ. ಒಲೆಯ ಮುಂದೆ ನಿಂತಿದ್ದವರು ವಿಲಿಯಂ ಡೀಸ್ ಎಂಬ ಕಪ್ಪು ಅಡುಗೆಯವರು. ಸೂಪಿನ ಕಥೆಯಲ್ಲಿ ಮೇಯರ್ ಮತ್ತು ರಾಷ್ಟ್ರಾಧ್ಯಕ್ಷರು ಮೊದಲು ಬರುತ್ತಾರೆ, ಡೀಸ್ ಬಂದರೆ ಬಂದರು.

ಇನ್ನೊಬ್ಬರು ನ್ಯಾಟ್ ಫುಲ್ಲರ್. ಗುಲಾಮಗಿರಿಯಲ್ಲಿ ಹುಟ್ಟಿ, ಎಲೈಜಾ ಸೀಮೋರ್ ಲೀ ಎಂಬ ಸ್ವತಂತ್ರ ಕಪ್ಪು ಮಹಿಳೆಯ ಬಳಿ ಪಾಕವಿದ್ಯೆ ಕಲಿತು, ಇನ್ನೂ ಒಡೆಯನ ಸೊತ್ತಾಗಿದ್ದಾಗಲೇ ಊರಿನ ಸಿರಿವಂತರ ಔತಣಗಳಿಗೆ ಅಡುಗೆ ಮಾಡಿಸಿ ಪ್ರಸಿದ್ಧರಾದವರು. 1865ರ ವಸಂತದಲ್ಲಿ, ಅಂತರ್ಯುದ್ಧ ಮುಗಿಯುತ್ತಿದ್ದಾಗ, ಪಾಳುಬಿದ್ದ ಆ ನಗರದಲ್ಲಿ ಅವರು ಒಂದು ಔತಣ ಏರ್ಪಡಿಸಿದರು. ಕಪ್ಪು ಜನರೂ ಬಿಳಿಯರೂ ಸಮಾನವಾಗಿ ಕುಳಿತು ಉಂಡರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಸಹಪಂಕ್ತಿ ಭೋಜನ. ಇದು ನಮಗೆ ಗೊತ್ತಾಗಿರುವುದು ಆ ಔತಣದಿಂದ ಸಿಡಿಮಿಡಿಗೊಂಡ ಬಿಳಿಯ ಮಹಿಳೆಯೊಬ್ಬರು ಬರೆದ ಕಾಗದದಿಂದ! ಮರುವರ್ಷವೇ ಫುಲ್ಲರ್ ತೀರಿಕೊಂಡರು. ನಗರ ಅವರನ್ನು ಮರೆಯಿತು. 2015ರಲ್ಲಿ, ನೂರೈವತ್ತು ವರ್ಷಗಳ ನಂತರ, ಕೆಲವು ವಿದ್ವಾಂಸರೂ ಬಾಣಸಿಗರೂ ಸೇರಿ ಆ ಔತಣವನ್ನು ಮತ್ತೆ ನಡೆಸಿದರು.

ಮೂರನೆಯ ಸಾಕ್ಷಿ ನನ್ನನ್ನು ಇಂದಿಗೂ ನಿದ್ದೆಗೆಡಿಸುವಂಥದ್ದು. ಕಿಂಗ್ ಬೀದಿಯಲ್ಲಿ ಒಂದು ಕಾಲಕ್ಕೆ ಕ್ರೆಸ್ ಎಂಬ ಅಂಗಡಿಯಿತ್ತು. ಕಟ್ಟಡ ಇಂದಿಗೂ ನಿಂತಿದೆ, ಮುಂದೆ ಒಂದು ಫಲಕವಿದೆ. ಆ ಅಂಗಡಿಯಲ್ಲಿ ಕಪ್ಪು ಜನರು ಸಾಮಾನು ಕೊಳ್ಳಬಹುದಿತ್ತು, ಊಟದ ಕಟ್ಟೆಯ ಮುಂದೆ ಕೂರುವಂತಿರಲಿಲ್ಲ. 1960ರ ಏಪ್ರಿಲ್ 1ರಂದು ಬರ್ಕ್ ಹೈಸ್ಕೂಲಿನ 24 ವಿದ್ಯಾರ್ಥಿಗಳು ಅಲ್ಲಿಗೆ ಹೋಗಿ ಕುಳಿತರು. ಯಾರೂ ಬಡಿಸಲಿಲ್ಲ. ಪ್ರಾರ್ಥನೆ ಹೇಳಿಕೊಳ್ಳುತ್ತ ಗಂಟೆಗಟ್ಟಲೆ ಹಾಗೆಯೇ ಕುಳಿತಿದ್ದರು. ಸಂಜೆ ಪೊಲೀಸರು ಬಂಧಿಸಿದರು. ಹೈಸ್ಕೂಲಿನ ಮಕ್ಕಳು! ನನ್ನೆದುರು ಮೂರು ದಶಕಗಳಿಗೂ ಮಿಕ್ಕಿ ಬೆಂಚಿನ ಮೇಲೆ ಕುಳಿತಿದ್ದ ಪ್ರಾಯದವರು. 'ಚಾರ್ಲ್ಸ್‌ಟನ್ನಿನಲ್ಲಿ ಎಲ್ಲಿ ಉಣ್ಣಬೇಕು' ಎಂಬ ಪ್ರಶ್ನೆಯನ್ನು ಅವರಷ್ಟು ಗಂಭೀರವಾಗಿ ಕೇಳಿದವರು ಇನ್ನಾರೂ ಇರಲಾರರು.

ಆ ಫಲಕದ ಮುಂದೆ ನಿಂತು ನಾನು ಓದುತ್ತಿದ್ದಾಗ ಮಗಳು, "ಅಪ್ಪಾ, ಬಿಸಿಲು, ನಡಿ" ಎಂದಳು. ನನಗೆ ಕಾಲು ಏಳಲಿಲ್ಲ. ಕಾರಣವನ್ನು ಅವಳಿಗೆ ಅಂದು ಹೇಳಲಿಲ್ಲ, ಇಂದು ನಿಮ್ಮೆಲ್ಲರ ಮುಂದೆ ಹೇಳುತ್ತೇನೆ.

2000ರ ದಶಕದಲ್ಲಿ ಪ್ರೌಢಶಾಲೆಗಳಿಗೂ ಬಿಸಿಯೂಟ ವಿಸ್ತರಣೆಯಾದಾಗ ನಾನಿದ್ದ ಶಾಲೆಯಲ್ಲಿ ಅದರ ಉಸ್ತುವಾರಿ ನನ್ನದಾಗಿತ್ತು. ಅಡುಗೆಗೆ ಬಂದಾಕೆ ದಲಿತ ಕೇರಿಯವಳು, ಬಹಳ ಚೊಕ್ಕ ಕೆಲಸ, ಸಾರಿನ ಪರಿಮಳ ಎಂಟನೆಯ ತರಗತಿಯವರೆಗೆ ಬರುತ್ತಿತ್ತು. ಕೆಲವು ಪಾಲಕರು ಬಂದು, ನಮ್ಮ ಮಕ್ಕಳು ಮನೆಯಿಂದ ಡಬ್ಬಿ ತರುತ್ತಾರೆ, ಅವರಿಗೆ ಬೇರೆ ಕೂರಲು ವ್ಯವಸ್ಥೆ ಮಾಡಿ ಎಂದರು. ಅದರ ಒಳಗುಟ್ಟು ನನಗೆ ತಿಳಿಯದೆ ಇರಲಿಲ್ಲ. ಆದರೂ 'ಡಬ್ಬಿ ತರುವವರ ಕೋಣೆ' ಎಂದು ಒಂದು ಕೋಣೆಯನ್ನು ತೆರೆದುಕೊಟ್ಟೆ. ನಿಯಮಕ್ಕೆ ವಿರುದ್ಧವಾದದ್ದು ಏನೂ ಇರಲಿಲ್ಲ; ಕೋಣೆಯ ಬಾಗಿಲಿನ ಮೇಲೆ ಯಾವ ಜಾತಿಯ ಹೆಸರೂ ಇರಲಿಲ್ಲ. ಎರಡು ವರ್ಷ ಹಾಗೆಯೇ ನಡೆಯಿತು. ಆಕೆ ಒಂದು ದಿನವೂ ನನ್ನನ್ನು ಏನೂ ಕೇಳಲಿಲ್ಲ. ನಿಮ್ಮಲ್ಲಿ ಕೆಲವರು ಆ ಕೋಣೆಯೊಳಗೆ ಕುಳಿತಿದ್ದವರು, ಕೆಲವರು ಹೊರಗೆ ಜಗಲಿಯಲ್ಲಿ ತಟ್ಟೆ ಹಿಡಿದವರು. ಆ ಮಿಂಚಂಚೆ ಬರೆದವಳು ಎಲ್ಲಿ ಕುಳಿತಿದ್ದಳೆಂದು ನನಗೆ ನೆನಪಿದೆ, ಅವಳಿಗೂ ನೆನಪಿರಬಹುದು.

ಅದಕ್ಕೂ ಹಿಂದಿನ ಮಾತು. ನಮ್ಮ ತಂದೆಯವರಿಗೆ ಸ್ವಲ್ಪ ಗಜನಿ ಇತ್ತು, 1974ರ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಹೋಯಿತು, ಹೋಗಬೇಕಾದದ್ದೇ. ಅದನ್ನು ಮಾಡುತ್ತಿದ್ದುದು ಹಾಲಕ್ಕಿ ಒಕ್ಕಲಿನ ಒಂದು ಕುಟುಂಬ. ಕಗ್ಗದ ಕೆಂಪಕ್ಕಿ ತಂದು ಅಳೆದುಕೊಟ್ಟ ದಿನ ಆ ಮನೆಯ ಅಜ್ಜಿ ನಮ್ಮ ಅಂಗಳದ ಹಲಸಿನ ಮರದ ಬುಡದಲ್ಲಿ ಕುಳಿತು ಉಣ್ಣುತ್ತಿದ್ದರು. ಅವರು ಬೆಳೆದ ಅಕ್ಕಿಯ ಅನ್ನ ಒಳಗೆ ನಮ್ಮ ತಟ್ಟೆಯಲ್ಲಿ, ಅವರು ಹೊರಗೆ. ಎಂಟು ಹತ್ತು ವರ್ಷದ ನನಗೆ ಅದು ಮಳೆ ಬಿಸಿಲಿನಷ್ಟು ಸಹಜವೆನಿಸಿತ್ತು. ಇದನ್ನು ಓದುವ ಬಂಧುಗಳಲ್ಲಿ ಹಿರಿಯರಿಗೆ ಆ ಹಲಸಿನ ಮರ ಜ್ಞಾಪಕವಿದೆ.

ಆದ್ದರಿಂದ, ಅಕ್ಕನ ಮಗನೇ, ಎಲೆಯ ಮುಂದೆ ಗದ್ದೆಯ ಕಥೆ ಬೇಡವೆನ್ನುವುದು ಯಾವಾಗಲೂ ಒಳಗೆ ಕುಳಿತವನ ಮಾತು. ಹೊರಗೆ ಕುಳಿತವರಿಗೆ ಆ ಕಥೆಯನ್ನು ಯಾರೂ ಹೇಳಬೇಕಾಗಿಲ್ಲ.

ಇಷ್ಟಕ್ಕೂ ನನ್ನ ಅಳಿಯಂದಿರು ಎತ್ತಿದ ಒಂದು ಆಕ್ಷೇಪಕ್ಕೆ ಬೆಲೆಯಿದೆ. "ಮಾವ, ಎಲ್ಲ ಪ್ರವಾಸಿಗರೂ ನಿಮ್ಮ ಹಾಗೆಯೇ ಬಡವರ ಹೋಟೆಲು ಹುಡುಕಿಕೊಂಡು ಹೊರಟರೆ ಅಲ್ಲಿ ದರ ಏರುತ್ತದೆ, ಅಲ್ಲಿಯವರಿಗೇ ಜಾಗ ಸಿಗುವುದಿಲ್ಲ." ಇದು ಸತ್ಯ. ಆದರೆ ಆ ಜಾಗ ಹೋಗುತ್ತಿರುವುದು ಊಟಕ್ಕೆ ಬಂದವರಿಂದಷ್ಟೇ ಅಲ್ಲ. 1980ರಲ್ಲಿ ಆ ನಗರದ ಹತ್ತಿರ ಹತ್ತಿರ ಅರ್ಧದಷ್ಟು ಜನ ಕಪ್ಪು ವರ್ಣದವರಾಗಿದ್ದರು. 2020ರ ಜನಗಣತಿಯ ವೇಳೆಗೆ ಐದರಲ್ಲೊಂದು ಪಾಲಿಗಿಂತ ಕಡಿಮೆ. ಮನೆಬಾಡಿಗೆಯೂ ನೆಲದ ಬೆಲೆಯೂ ಅವರನ್ನು ಸೇತುವೆಯಾಚೆಗೆ ತಳ್ಳಿವೆ. ಮಾರ್ಥಾ ಲೂ ಗ್ಯಾಡ್ಸ್‌ಡೆನ್ ಎಂಬಾಕೆ 1983ರಿಂದ ಒಂದು ಪುಟ್ಟ ಗುಲಾಬಿ ಬಣ್ಣದ ಕಟ್ಟಡದಲ್ಲಿ ಊಟ ಹಾಕುತ್ತಿದ್ದರು. ದೇಶವಿಡೀ ಹೊಗಳಿತು. ಆ ನಿವೇಶನ ಮಾರಾಟವಾಗಿ 2020ರಲ್ಲಿ ಹೋಟೆಲು ಮುಚ್ಚಿತು, 2021ರಲ್ಲಿ ಆಕೆಯೂ ತೀರಿಕೊಂಡರು. ಹೊಗಳಿಕೆಯಿಂದ ನೆಲ ಉಳಿಯಲಿಲ್ಲ. ನಾನು ಆ ಊರಿಗೆ ಹೋಗುವ ಹೊತ್ತಿಗೆ ಆಕೆಯ ಅಡುಗೆ ಉಣ್ಣುವ ಯೋಗವಿರಲಿಲ್ಲ.

ಎಲ್ಲವೂ ಕತ್ತಲೆಯೆಂದು ಹೇಳಿದರೆ ಅಪಚಾರವಾದೀತು. ಆಫ್ರಿಕದಿಂದ ಬಂದವರು ಹಡಗಿನಿಂದಿಳಿದ ಗ್ಯಾಡ್ಸ್‌ಡೆನ್ ಧಕ್ಕೆಯ ಜಾಗದಲ್ಲಿಯೇ 2023ರಲ್ಲಿ ಆಫ್ರಿಕನ್ ಅಮೆರಿಕನ್ ವಸ್ತುಸಂಗ್ರಹಾಲಯ ತೆರೆದಿದೆ. ಕೆವಿನ್ ಮಿಚೆಲ್, ಬಿ.ಜೆ. ಡೆನ್ನಿಸ್ ಮೊದಲಾದ ಬಾಣಸಿಗರು ಈ ಅಡುಗೆಯ ಚರಿತ್ರೆಯನ್ನು ಬಾಯಿಬಿಟ್ಟು ಹೇಳುತ್ತಿದ್ದಾರೆ. ಉತ್ತರ ಚಾರ್ಲ್ಸ್‌ಟನ್ನಿನ ಬರ್ಥಾಸ್ ಕಿಚನ್ ಎಂಬ ಸಾದಾ ಊಟದ ಮನೆಗೆ 2017ರಲ್ಲಿ ಜೇಮ್ಸ್ ಬಿಯರ್ಡ್ ಪ್ರತಿಷ್ಠಾನದ ಮನ್ನಣೆ ಬಂತು.

ಸರಿ, ಹೆಸರು ಕೇಳಿದವಳಿಗೆ ಹೆಸರು ಕೊಡುತ್ತೇನೆ. ನಾವು ಎರಡನೆಯ ದಿನ ಉಂಡದ್ದು ಪೂರ್ವಭಾಗದ ಬ್ಲೇಕ್ ಬೀದಿಯಲ್ಲಿರುವ ಹ್ಯಾನಿಬಲ್ಸ್ ಕಿಚನ್ನಿನಲ್ಲಿ. ಏಡಿಯ ಮಾಂಸವನ್ನು ಬಿಡಿಸಿ ಅನ್ನದೊಡನೆ ಹುರಿದ 'ಕ್ರ್ಯಾಬ್ ರೈಸ್' ಅಲ್ಲಿಯ ವಿಶೇಷ. ಪಕ್ಕದ ಮೇಜಿನಲ್ಲಿ ಕೆಲಸದ ಬಟ್ಟೆಯಲ್ಲೇ ಬಂದಿದ್ದ ಇಬ್ಬರು, ಶಾಲೆಯ ಚೀಲ ಹೊತ್ತ ಒಬ್ಬ ಹುಡುಗ. ಕಾಯಬೇಕಾಗಲಿಲ್ಲ. ಹಿಂದಿನ ರಾತ್ರಿಯ ಬಿಲ್ಲಿನ ಒಂದು ಪಾಲಿನಲ್ಲಿ ಮೂವರ ಹೊಟ್ಟೆ ತುಂಬಿತು. ನಮ್ಮ ತಾಯಿ ಏಡಿ ಬಿಡಿಸಿ ಅನ್ನಕ್ಕೆ ಕಲಸಿಕೊಡುತ್ತಿದ್ದುದು ನೆನಪಾಗಿ ನನಗೆ ಮಾತು ಹೊರಡಲಿಲ್ಲ. ಊರಿನ ಕೆಂಪು ಅನ್ನ (ಟೊಮೆಟೊದ್ದು, ನಮ್ಮ ಕೆಂಪಕ್ಕಿಯದಲ್ಲ), ಬೆಂಡೆಯ ಸಾರು, ಲೈಮಾ ಬೀನ್ಸು ಇವುಗಳನ್ನು ಎಲ್ಲಿ ಕಂಡರೂ ಬಿಡಬೇಡಿ. ಹಂದಿಮಾಂಸ ಬೇಡದವರು ಮೊದಲೇ ಕೇಳಿಕೊಳ್ಳಬೇಕು, ಅನ್ನಕ್ಕೂ ಕಾಳಿಗೂ ಅದನ್ನು ಬೆರೆಸುವುದು ಅಲ್ಲಿನ ವಾಡಿಕೆ. ಇಂಥ ಸಣ್ಣ ಹೋಟೆಲುಗಳ ರಜೆ, ವೇಳೆ ಬದಲಾಗುತ್ತಿರುತ್ತವೆ, ಹೊರಡುವ ಮೊದಲು ಫೋನು ಮಾಡಿ.

ಮತ್ತೆ ನನ್ನ ವಿದ್ಯಾರ್ಥಿನಿಗೆ: ಕಿಂಗ್ ಬೀದಿಯ ಆ ಫಲಕದ ಮುಂದೆ ಮಕ್ಕಳನ್ನು ಎರಡು ನಿಮಿಷ ನಿಲ್ಲಿಸು. ನಿನ್ನ ದೊಡ್ಡ ಮಗ ಈಗ ಒಂಬತ್ತನೆಯ ತರಗತಿಯಲ್ಲವೇ? ಡಬ್ಬಿಯ ಕೋಣೆಯ ಕಥೆಯನ್ನೂ ಅವನಿಗೆ ಹೇಳಬಹುದು, ಉಸ್ತುವಾರಿ ಮಾಸ್ತರರ ಹೆಸರನ್ನು ಮರೆಮಾಚಬೇಕಾಗಿಲ್ಲ. ಬರುವ ಡಿಸೆಂಬರಿನಲ್ಲಿ ಊರಿಗೆ ಬರುವಾಗ ಒಂದು ಪೊಟ್ಟಣ ಬೆನ್ನಿ ಬಿಸ್ಕತ್ತು ತಾ. ಇಲ್ಲಿ ಕಗ್ಗದ ಅಕ್ಕಿ ಎರಡು ಕಿಲೋ ತೆಗೆದಿರಿಸಿದ್ದೇನೆ.